ದಣಪೆಯ ಆಚೆ: ಊರಿನ ಕಾಲುದಾರಿಗಳನ್ನು ಮತ್ತೆ ಹುಡುಕಿದ ನನ್ನ ಅನುಭವ

ನಮ್ಮ ಮನೆಯಿಂದ ಅಮ್ಮನ ತವರಿಗೆ ಡಾಂಬರು ರಸ್ತೆಯಲ್ಲಿ 22 ಕಿಲೋಮೀಟರ್. ಗುಡ್ಡ ಹತ್ತಿಳಿದರೆ ಒಂದೂವರೆ ಗಂಟೆಯ ನಡಿಗೆ. ಅಮ್ಮ ನನ್ನನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಬರುತ್ತಿದ್ದದ್ದು ಆ ಗುಡ್ಡದ ದಾರಿಯಲ್ಲೇ. ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದ ಅಕ್ಕನ ಮಕ್ಕಳನ್ನು ನಾನು ಕಾರಿನಲ್ಲಿ ಕೂರಿಸಿಕೊಂಡು ಆಗುಂಬೆಯ ಸೂರ್ಯಾಸ್ತ, ಕುಂದಾದ್ರಿಯ ಬಸದಿ, ಕುಪ್ಪಳಿಯ ಕವಿಶೈಲ ಎಲ್ಲವನ್ನೂ ತೋರಿಸಿದೆ. ಮೂರೂ ನೋಡಲೇಬೇಕಾದ ಜಾಗಗಳು. ಕೊನೆಯ ದಿನ ಚಿಕ್ಕವಳು ಮನೆಯ ಹಿಂದಿನ ದಣಪೆಯ, ಅಂದರೆ ಬೇಲಿಯ ಬಾಗಿಲಿಗೆ ಅಡ್ಡ ಹಾಕಿದ ಗಳುಗಳ, ಮೇಲೆ ಕುಳಿತು, "ಇದರಾಚೆ ಏನಿದೆ?" ಎಂದು ಕೇಳಿದಳು. ಅಜ್ಜಿಯ ಮನೆಗೆ ದಾರಿ ಇದೆ ಎಂದೆ. ತೋರಿಸು ಎಂದಳು. ನೂರು ಮಾರು ಹೋಗುವಷ್ಟರಲ್ಲಿ ದಾರಿ ಪೊದೆಯೊಳಗೆ ಮುಗಿದುಹೋಗಿತ್ತು. ಅಂದು ನನಗಾದ ಸಂಕಟವೇ ಈ ಕೆಲಸದ ಮೂಲ.

ನಮ್ಮೂರು ತೀರ್ಥಹಳ್ಳಿ ತಾಲೂಕಿನದು. ಮೇಲಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ನಿಂತರೆ ಕವಲೇದುರ್ಗದ ಗುಡ್ಡ ಕಾಣುತ್ತದೆ. ಇಲ್ಲಿ ಕಾಲುದಾರಿಗಳನ್ನು ಯಾರೂ ಮಾಡಿದ್ದಲ್ಲ. ಸೊಪ್ಪಿಗೆ, ದರಗಿಗೆ (ಉದುರಿದ ಒಣ ಎಲೆಗೆ), ದನದ ಹಿಂದೆ, ಶಾಲೆಗೆ, ಮದುವೆಗೆ ಎಂದು ಜನ ನಡೆದು ನಡೆದು ಆದವು. ಗ್ಯಾಸ್ ಬಂತು, ಕೊಟ್ಟಿಗೆಯಲ್ಲಿ ದನ ಕಡಿಮೆಯಾಯಿತು, ಮಕ್ಕಳನ್ನು ಕರೆದೊಯ್ಯಲು ವ್ಯಾನು ಬಂತು. ಐದಾರು ಮಳೆಗಾಲ ಯಾರೂ ಕಾಲಿಡದಿದ್ದರೆ ಮಲೆನಾಡಿನಲ್ಲಿ ದಾರಿ ಉಳಿಯುವುದಿಲ್ಲ.

ಮೊದಲು ಮೊಬೈಲಿನ ನಕ್ಷೆ ನೋಡಿದೆ. ಅದರಲ್ಲಿ ನಮ್ಮ ಗುಡ್ಡ ಒಂದು ಹಸಿರು ಮಚ್ಚೆ ಮಾತ್ರ. ದಾರಿ ಇದ್ದದ್ದು ಸೊಪ್ಪು ಹೊತ್ತ ಹೆಂಗಸರ ನೆನಪಿನಲ್ಲಿ. ನೆರೆಮನೆಯ ಅಜ್ಜಿ ಜಗಲಿಯಲ್ಲಿ ಕುಳಿತು ಅಡಕೆ ಸುಲಿಯುತ್ತಲೇ ಇಡೀ ದಾರಿಯನ್ನು ಮರಗಳ ಹೆಸರಿನಲ್ಲಿ ಹೇಳಿದರು: ಜೋಡು ಮತ್ತಿ ಮರ, ಅಲ್ಲಿಂದ ಎಡಕ್ಕೆ ಚೌಡಿ ಬನ, ಬನವನ್ನು ಬಲಕ್ಕೆ ಬಿಟ್ಟು ಏರಿದರೆ ಹೊನ್ನೆ, ಹೊನ್ನೆಯ ಬುಡದಿಂದ ಹೊರೆಗಲ್ಲು. ನಾನು ಬರೆದುಕೊಂಡು ಹೊರಟೆ. ಹೊನ್ನೆ ಬಿದ್ದು ಯಾವುದೋ ಕಾಲವಾಗಿತ್ತು. ಆದರೆ ಅದರ ಮುಂದೆ ನೆಲದ ಜಂಬಿಟ್ಟಿಗೆ ಕಲ್ಲು ಮೊಣಕಾಲು ಆಳಕ್ಕೆ ಸವೆದು ಚರಂಡಿಯಂತೆ ಮೇಲೇರಿತ್ತು. ಕಾಲೂ ಮಳೆನೀರೂ ಸೇರಿ ಕೊರೆದ ಆ ಗೆರೆಯನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಪೊದೆ ಎಷ್ಟೇ ಮುಚ್ಚಿದ್ದರೂ ಕೋಲಿನಿಂದ ತಡವಿದರೆ ತಗ್ಗು ಸಿಗುತ್ತದೆ.

ಹೊರೆಗಲ್ಲು ಸಿಕ್ಕ ದಿನ ನಾನು ಕೂಗಿಯೇಬಿಟ್ಟೆ. ಎದೆಮಟ್ಟಕ್ಕೆ ನಿಲ್ಲಿಸಿದ ಎರಡು ಕಂಬ, ಅವುಗಳ ಮೇಲೊಂದು ಅಡ್ಡ ಚಪ್ಪಡಿ. ತಲೆಹೊರೆ ಹೊತ್ತವರು ಇನ್ನೊಬ್ಬರ ನೆರವಿಲ್ಲದೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಾವೇ ಹೊತ್ತುಕೊಳ್ಳಲಿ ಎಂದು ಅಷ್ಟೆತ್ತರ. ಮನೆಗೆ ಬಂದು ಹೇಳಿದಾಗ ಅಮ್ಮ, "ಅದರ ಪಕ್ಕ ಬಿಕ್ಕೆ ಗಿಡ ಇರಬೇಕಲ್ಲ" ಎಂದಳು. ಇತ್ತು.

ಕಡಿಯುವ ಕೆಲಸಕ್ಕಿಂತ ಮೊದಲು ಕೇಳುವ ಕೆಲಸ. ದಾರಿ ಮೂರು ಮನೆಗಳ ಸೊಪ್ಪಿನಬೆಟ್ಟದಲ್ಲಿ, ಒಂದು ತೋಟದ ಅಂಚಿನಲ್ಲಿ ಹಾಯುತ್ತದೆ. ಎಲ್ಲರ ಮನೆಗೂ ಹೋಗಿ ಕುಳಿತು ಮಾತನಾಡಿದೆ. ತೋಟದವರದು ಒಂದೇ ಷರತ್ತು: ದಣಪೆಯ ಗಳುಗಳನ್ನು ಸರಿಸಿ ದಾಟಿದವರು ಮತ್ತೆ ಅಡ್ಡ ಹಾಕಿಯೇ ಹೋಗಬೇಕು. ಮೀಸಲು ಅರಣ್ಯಕ್ಕೆ ಸೇರಿದ ಒಂದು ತುಂಡನ್ನು ಪೂರ್ತಿ ಕೈಬಿಟ್ಟು ಗದ್ದೆಯ ಅಂಚಿನಲ್ಲಿ ಬಳಸು ದಾರಿ ಮಾಡಿದೆವು. ಕತ್ತಿಯಿಂದ ಸವರಿದ್ದು ಲಂಟಾನ, ಕಮ್ಯುನಿಸ್ಟ್ ಗಿಡವೆಂಬ ಕಳೆ, ಸೀಗೆಯ ಬಳ್ಳಿ ಮಾತ್ರ. ಒಂದು ಮರವನ್ನೂ ಮುಟ್ಟಿಲ್ಲ.

ಅತಿ ಕಷ್ಟವಾದದ್ದು ಅಕೇಶಿಯಾ ತೋಪು. ಮೊದಲು ಅಲ್ಲಿದ್ದದ್ದು ಹುಲ್ಲಿನ ಬ್ಯಾಣ. ಈಗ ಒಂದೇ ಜಾತಿಯ ಮರದ ಸಾಲು, ಕೆಳಗೆ ಕಾಲು ಜಾರುವ ಒಣ ಎಲೆಯ ಹಾಸು. ಗುರುತಿನ ಮರವಿಲ್ಲ, ಹಕ್ಕಿಯ ದನಿಯೂ ವಿರಳ. ಯಾವ ದಿಕ್ಕಿಗೆ ನೋಡಿದರೂ ಒಂದೇ ರೀತಿ ಕಾಣುವ ಕಾಡಿನಲ್ಲಿ ನಾನು ಹುಟ್ಟೂರಿನಲ್ಲೇ ಎರಡು ಸಲ ದಾರಿ ತಪ್ಪಿದೆ. ಕೊನೆಗೆ ಗೆಳೆಯನೊಬ್ಬ ಆಚೆ ಬದಿಯ ಗದ್ದೆಯಲ್ಲಿ ನಿಂತು ಕೂಗು ಹಾಕುವುದು, ನಾನು ಈಚೆಯಿಂದ ಆ ದನಿಗೆ ನೇರವಾಗಿ ನಡೆಯುತ್ತ ಕಲ್ಲಿನ ಸಣ್ಣ ಗುಪ್ಪೆ ಇಡುವುದು ಎಂದು ಮಾಡಿಕೊಂಡೆವು. ಬಣ್ಣ ಬಳಿಯಲು ನನಗೆ ಮನಸ್ಸಾಗಲಿಲ್ಲ.

ಹಳ್ಳಕ್ಕೆ ಕಾಲುಸಂಕ ಬೇಕಿತ್ತು. ಮೊದಲ ವರ್ಷ ಮೂರು ಅಡಕೆ ಮರದ ದಬ್ಬೆಗಳನ್ನು ಎರಡೂ ದಡಕ್ಕೆ ಬಿಗಿಯಾಗಿ ಕಟ್ಟಿದೆವು. ಆಷಾಢದ ನೆರೆ ಅದನ್ನು ಮುರಿದು ಕೊಂಡೊಯ್ದಿತು. ಮರುವರ್ಷ ಹಿರಿಯರೊಬ್ಬರು ಹೇಳಿಕೊಟ್ಟಂತೆ ಒಂದೇ ತುದಿಯನ್ನು ಮರಕ್ಕೆ ಕಟ್ಟಿ ಇನ್ನೊಂದನ್ನು ದಡದ ಕಲ್ಲಿನ ಮೇಲೆ ಸುಮ್ಮನೆ ಇಟ್ಟೆವು. ನೆರೆ ಬಂದಾಗ ಸಂಕ ನೀರಿನೊಂದಿಗೆ ತಿರುಗಿ ದಡಕ್ಕೆ ಒರಗುತ್ತದೆ, ಇಳಿದ ಮೇಲೆ ಎಳೆದು ಸರಿಪಡಿಸಿದರಾಯಿತು. ಹಿಡಿಯಲು ಒಂದು ಬಿದಿರು.

ಈಗ ಮೂರು ನಡಿಗೆಗಳಿವೆ. ಅರ್ಧ ಗಂಟೆಯದು ನೀರು ಧುಮುಕುವ ಅಬ್ಬಿಯವರೆಗೆ. ಬೆಳಕು ಹರಿಯುವ ಮೊದಲು ಹೋದರೆ ಸಿಳ್ಳಾರ ಹಕ್ಕಿ ರಾಗ ಮರೆತು ಮತ್ತೆ ಹುಡುಕುವವರ ಹಾಗೆ ಹಾಡುತ್ತಿರುತ್ತದೆ. ಎರಡನೆಯದು ಸಂಜೆಗೆ, ಉಳಿದಿರುವ ಬ್ಯಾಣದ ತುಣುಕಿಗೆ. ಮೂರನೆಯದು ಕವಲೇದುರ್ಗಕ್ಕೆ, ನನಗೆ ತೀರಾ ಪ್ರಿಯವಾದದ್ದು. ಕೆಳದಿ ನಾಯಕರ ಈ ಕೋಟೆಗೆ ವಾಹನದಲ್ಲಿ ಬಂದವರೂ ಕೊನೆಯ ಭಾಗ ನಡೆಯಲೇಬೇಕು: ಗದ್ದೆಯ ಬದು, ಆಮೇಲೆ ಕಲ್ಲು ಹಾಸಿದ ಏರು ದಾರಿ, ಒಂದಾದ ಮೇಲೊಂದು ಹೆಬ್ಬಾಗಿಲು. ಒಳಗೆ ಅರಮನೆಯ ತಳಪಾಯದ ನಡುವೆ ಐದು ಉರಿಗಳ ಕಲ್ಲಿನ ಒಲೆ ಇದೆ. ಮಕ್ಕಳು ಕಂಬ ಕೆತ್ತನೆಗಳಿಗಿಂತ ಹೆಚ್ಚು ಹೊತ್ತು ನಿಂತದ್ದು ಆ ಒಲೆಯ ಮುಂದೆ. ಮನೆಯಿಂದಲೇ ನಡೆದು ಆ ಹಾಸುಗಲ್ಲಿಗೆ ಕಾಲಿಟ್ಟಾಗ, ಅಕ್ಕಿ ಮೆಣಸು ಹೊತ್ತು ಇದೇ ಏರಿನಲ್ಲಿ ಏದುಸಿರು ಬಿಟ್ಟವರ ನೆನಪು ಮೊಣಕಾಲಿನಿಂದಲೇ ಬರುತ್ತದೆ.

ಯಾವಾಗ ಬರಬೇಕು ಎಂದು ಕೇಳುವವರಿಗೆ ನಾನು ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆ ಎನ್ನುತ್ತೇನೆ. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ. ಅದಕ್ಕೆ ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟು ಸಾಕು, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ, ಅಂದರೆ ಉಣ್ಣೆಹುಳಕ್ಕೆ. ಅದು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಸುರಗಿ ಹೂ ಬಿಡುವುದು ಆಗಲೇ ಎಂಬುದು ನನ್ನ ನಿತ್ಯದ ಬೇಸರ. ಆದರೂ ಆ ತಿಂಗಳುಗಳಲ್ಲಿ ಹೊರಗಿನವರನ್ನು ನಾನು ಕಾನಿನೊಳಗೆ ಕರೆದೊಯ್ಯುವುದಿಲ್ಲ. ನಾನೇ ಹೋದರೂ ಮೈತುಂಬ ಬಟ್ಟೆ, ಉಣುಗು ದೂರವಿಡುವ ಎಣ್ಣೆ, ದರಗಿನ ಮೇಲೆ ಕೂರುವುದಿಲ್ಲ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇನೆ.

ಅಮ್ಮನ ತವರಿನ ದಾರಿ ಮಾತ್ರ ಇನ್ನೂ ಪೂರ್ತಿ ಕೂಡಿಲ್ಲ. ನಮ್ಮ ಕಡೆಯಿಂದ ಅಕೇಶಿಯಾ ತೋಪಿನ ಆಚೆಯ ಗದ್ದೆಯವರೆಗೆ ತಲುಪಿದ್ದೇವೆ. ಅಲ್ಲಿಂದ ಎರಡು ಫರ್ಲಾಂಗಿನಷ್ಟು ಪೂರ್ತಿ ಕಳೆದುಹೋಗಿದೆ. ಆ ತುಂಡಿನಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸು ಈಗ ತೀರ್ಥಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ದೀಪಾವಳಿಗೆ ಊರಿಗೆ ಬರುತ್ತಾರಂತೆ. ಕತ್ತಿ ಸಾಣೆ ಹಿಡಿಸಿ ಇಟ್ಟಿದ್ದೇನೆ.