ನೆಲಮಹಡಿಯ ಸ್ನಾನದ ಕೋಣೆಗೆ ಷವರ್ ಟ್ರೇ ಆರಿಸುವ ಮೊದಲು

ನೆಲಮಹಡಿಯಲ್ಲಿ ಸ್ನಾನದ ಕೋಣೆ ಮಾಡಿಸುವವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ, ಬಣ್ಣ ಮತ್ತು ಅಳತೆ ನೋಡಿ ಷವರ್ ಟ್ರೇಯನ್ನು, ಅಂದರೆ ಷವರಿನ ಕೆಳಗೆ ನಿಲ್ಲಲು ನೆಲಕ್ಕೆ ಕೂರಿಸುವ ಅಂಚುಳ್ಳ ತಟ್ಟೆಯನ್ನು, ಗೊತ್ತುಮಾಡಿಕೊಂಡು ಬರುತ್ತಾರೆ. ನೀರು ಹೊರಗೆ ಹೋಗುವ ದಾರಿಯ ಮಾತು ಏಳುವುದು ಪ್ಲಂಬರ್ ಕೆಲಸಕ್ಕೆ ಬಂದ ದಿನ. ಈ ಕ್ರಮ ತಿರುಗಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮೇಲಿನ ಮಹಡಿಯಲ್ಲಾದರೆ ಕೊಳವೆಯನ್ನು ಕೆಳಗಿನ ಚಾವಣಿಯ ಮರೆಯಲ್ಲಿ ಹೇಗೋ ಒಯ್ಯಬಹುದು, ಆದರೆ ನೆಲಮಹಡಿಯಲ್ಲಿ ಕಾಲಕೆಳಗಿರುವುದು ಹೆಚ್ಚಾಗಿ ಗಟ್ಟಿ ಕಾಂಕ್ರೀಟ್; ಅಲ್ಲಿ ಟ್ರೇ ಎಷ್ಟು ಎತ್ತರ ಕೂರಬೇಕೆಂಬುದನ್ನು ಆ ಕೊಳವೆಯೇ ನಿರ್ಧರಿಸುತ್ತದೆ.

ಲೆಕ್ಕ ಕಷ್ಟದ್ದಲ್ಲ. ಚರಂಡಿಯ ವಾಸನೆ ಒಳಗೆ ಬಾರದಂತೆ ಟ್ರೇಯ ಕೆಳಗಿನ ಟ್ರ್ಯಾಪ್‌ನಲ್ಲಿ, ಅಂದರೆ ರಂಧ್ರಕ್ಕೂ ಕೊಳವೆಗೂ ನಡುವೆ ನೀರು ಹಿಡಿದಿಡುವ ಭಾಗದಲ್ಲಿ, ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು, ಹೀಗಾಗಿ ಟ್ರ್ಯಾಪ್‌ಗೇ 80ರಿಂದ 100 ಮಿಲಿಮೀಟರ್ ಆಳ ಬೇಕಾಗುತ್ತದೆ. ಅಲ್ಲಿಂದ ಹೊರಡುವ ಕೊಳವೆಗೆ ಮೀಟರಿಗೆ 20ರಿಂದ 25 ಮಿಲಿಮೀಟರ್ ವಾಟ ಕೊಡಬೇಕು; ಹೊರಗಿನ ಚರಂಡಿ 2 ಮೀಟರ್ ದೂರವಿದ್ದರೆ ಕೊಳವೆಯ ಆ ತುದಿ ಇನ್ನೂ 40–50 ಮಿಲಿಮೀಟರ್ ಕೆಳಗಿರುತ್ತದೆ. ಇಷ್ಟು ಜಾಗ ನೆಲದೊಳಗೆ ಇಲ್ಲದಿದ್ದರೆ ಒಂದೋ ಕಾಂಕ್ರೀಟ್ ಒಡೆದು ಕಾಲುವೆ ತೆಗೆಯಬೇಕು, ಇಲ್ಲವೇ ಟ್ರೇಯನ್ನು ಕಾಲುಗಳ ಮೇಲೆ ಎತ್ತಿ ನಿಲ್ಲಿಸಬೇಕು.

ಎತ್ತುವುದು ಸುಲಭ ಮತ್ತು ಅಗ್ಗ. ಆದರೂ ಸಾಧ್ಯವಿರುವ ಕಡೆಯೆಲ್ಲ ನೆಲವನ್ನು ಒಡೆಯಿರಿ ಎಂದೇ ನಾನು ಹೇಳುತ್ತೇನೆ. ನೆಲಮಹಡಿಯಲ್ಲಿ ಸ್ನಾನದ ಕೋಣೆ ಮಾಡಿಸುವ ಮನೆಗಳಲ್ಲಿ ಮೆಟ್ಟಿಲು ಹತ್ತಲಾರದ ಹಿರಿಯರೊಬ್ಬರು ಇಂದು ಇರುತ್ತಾರೆ ಅಥವಾ ಮುಂದೆ ಇರುತ್ತಾರೆ. ಅಂಥವರಿಗೆ ಒದ್ದೆಗಾಲಿನಲ್ಲಿ 150 ಮಿಲಿಮೀಟರ್ ಎತ್ತರದಿಂದ ಕೆಳಗಿಳಿಯುವುದು ನಿಜವಾದ ಅಪಾಯ. ಒಡೆಯುವಾಗ ಕಾಂಕ್ರೀಟಿನ ಕೆಳಗೆ ತೇವ ತಡೆಯಲು ಹಾಸಿದ ಪ್ಲಾಸ್ಟಿಕ್ ಹಾಳೆ ಹರಿದರೆ, ಅದಕ್ಕೆ ತೇಪೆ ಹಾಕಿ ಅಂಟಿಸಿದ್ದನ್ನು ನೀವೇ ನಿಂತು ನೋಡಿದ ಮೇಲೆ ಕಾಂಕ್ರೀಟ್ ತುಂಬಿಸಿ. ಇಲ್ಲವಾದರೆ ನೆಲದ ತೇವ ಗೋಡೆಯ ಬುಡಕ್ಕೆ ಏರುತ್ತದೆ. ಒಡೆಯುವುದೂ ಎತ್ತುವುದೂ ಆಗದ ಕಡೆ ನೀರನ್ನು ಎಳೆದು ಹಾಕುವ ಪಂಪ್ ಇದೆ, ಆದರೆ ವಿದ್ಯುತ್ ಹೋದರೆ ಅದೂ ನಿಲ್ಲುತ್ತದೆ.

ಅಳತೆಯ ವಿಷಯಕ್ಕೆ ರಟ್ಟೊಂದನ್ನು ಟ್ರೇಯಷ್ಟೇ ಕತ್ತರಿಸಿ ನೆಲಕ್ಕೆ ಹಾಸಿ, ಅದರ ಮೇಲೆ ನಿಂತು, ಸೋಪು ಬಿದ್ದಂತೆ ಬಗ್ಗಿ ಎತ್ತಿ ನೋಡಿ. 760 ಮಿಲಿಮೀಟರಿನ ಚೌಕದಲ್ಲಿ ಮೊಣಕೈ ಗೋಡೆಗೆ ತಗಲುವುದು ಆಗಲೇ ತಿಳಿಯುತ್ತದೆ. 900ರ ಚೌಕ ಒಬ್ಬರಿಗೆ ನೆಮ್ಮದಿಯದ್ದು. ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುವವರಿದ್ದರೆ 1200ಕ್ಕೆ 800 ಇರಲಿ.

ವಸ್ತುವಿನಲ್ಲಿ ಕಲ್ಲುಪುಡಿ ಮತ್ತು ರಾಳ ಬೆರೆಸಿ ಎರಕಹೊಯ್ದ ಟ್ರೇ ನನ್ನ ಆಯ್ಕೆ. ಅದು 30 ಕಿಲೋಗೂ ಹೆಚ್ಚು ತೂಗಬಹುದು, ಎತ್ತಲು ಇಬ್ಬರು ಬೇಕು, ಆದರೆ ಕಾಲಿಟ್ಟಾಗ ಬಗ್ಗುವುದಿಲ್ಲ. ಅಕ್ರಿಲಿಕ್ ಟ್ರೇ ಹಗುರ, ಮುಟ್ಟಿದರೆ ಬೆಚ್ಚಗೆ. ಅದಕ್ಕೆ ತಳದ ಆಸರೆ ಮಾತ್ರ ಸರಿಯಾಗಿ ಸಿಗಬೇಕು. ನಮ್ಮ ಮನೆಯಲ್ಲಿ ಅಂಥದೊಂದನ್ನು ಐದು ಮುದ್ದೆ ಗಾರೆಯ ಮೇಲೆ ಕೂರಿಸಿ ಹೋಗಿದ್ದರು. ಕೆಲವು ತಿಂಗಳಲ್ಲಿ ಬಲಮೂಲೆಯಲ್ಲಿ ಕಾಲಿಟ್ಟರೆ ಕಿರ್ ಎನ್ನತೊಡಗಿತು, ಗೋಡೆಯಂಚಿನ ಸಂದು ಮುಚ್ಚಿದ್ದ ಸಿಲಿಕೋನ್ ಅಂಟು ಕೂದಲೆಳೆಯಷ್ಟು ಬಾಯಿಬಿಟ್ಟಿತು, ಪಕ್ಕದ ಕೋಣೆಯ ಬಾಗಿಲ ಚೌಕಟ್ಟು ಬುಡದಲ್ಲಿ ಉಬ್ಬಿದಾಗಲೇ ನೀರು ಎಲ್ಲಿಗೆ ಹೋಗುತ್ತಿದೆ ಎಂದು ನಮಗೆ ತಿಳಿದದ್ದು. ಕಾಲುಗಳಿಲ್ಲದ ಟ್ರೇಗೆ ಇಡೀ ತಳಕ್ಕೆ ತಾಗುವಂತೆ ಗಾರೆಯ ಹಾಸು ಬೇಕು, ನಾಲ್ಕೂ ಅಂಚಿಗೆ ರಸಮಟ್ಟ ಇಟ್ಟು ನೋಡಬೇಕು. ನೀರು ಹರಿಯುವ ವಾಟ ಟ್ರೇಯ ಒಳಮೈಯಲ್ಲೇ ಇರುತ್ತದೆ, ಆದ್ದರಿಂದ ಟ್ರೇಯನ್ನೇ ಓರೆಯಾಗಿ ಕೂರಿಸಲು ಬಿಡಬೇಡಿ.

ಜಾರದಿರುವಿಕೆಯ ಬಗ್ಗೆ ಮಾರುವವರ ಬಾಯಿಮಾತು ಸಾಲದು. ಒದ್ದೆ ಬರಿಗಾಲಿಗೆಂದೇ ಇರುವ ಡಿಐಎನ್ 51097 ಎಂಬ ಜರ್ಮನ್ ಪರೀಕ್ಷೆಯಲ್ಲಿ ಎ, ಬಿ, ಸಿ ಎಂಬ ದರ್ಜೆಗಳಿದ್ದು, ಸಿ ಎಲ್ಲಕ್ಕಿಂತ ಹೆಚ್ಚು ಹಿಡಿತದ್ದು. ತೀರಾ ಆಳವಾದ ಗೀರುಗಳಿದ್ದರೆ ಸೋಪಿನ ಜಿಡ್ಡು ಅಲ್ಲೇ ಕೂತು ಕಪ್ಪಾಗುತ್ತದೆ. ಅಂಗೈ ಆಡಿಸಿದರೆ ನಯವಾದ ಮರಳುಕಾಗದದಂತೆ ಅನಿಸುವ ಮೈ ಸಾಕು. ನೀರು ಹೋಗುವ ರಂಧ್ರ 90 ಮಿಲಿಮೀಟರಿನದಿರಲಿ, ಏಕೆಂದರೆ ದೊಡ್ಡ ಷವರ್ ನಿಮಿಷಕ್ಕೆ 15–20 ಲೀಟರ್ ಸುರಿಸಬಲ್ಲದು, ತಗ್ಗು ಅಂಚಿನ ಟ್ರೇಯಲ್ಲಿ ಆ ನೀರು ನಿಲ್ಲಲು ಜಾಗವಿಲ್ಲ. ಕೂದಲನ್ನು ಮೇಲಿನಿಂದಲೇ ತೆಗೆಯಬಹುದಾದ ಟ್ರ್ಯಾಪ್ ಅನ್ನೇ ಕೇಳಿ ಪಡೆಯಿರಿ. ಗಾರೆಯಲ್ಲಿ ಹೂತ ಟ್ರೇಯ ಕೆಳಗೆ ಆಮೇಲೆ ಕೈ ಹೋಗುವುದಿಲ್ಲ.

ಟ್ರೇ ಕೂರಿಸಿದ ಮೇಲೆ, ಟೈಲ್ಸ್ ಹಚ್ಚುವ ಮುನ್ನ, ನಾಲ್ಕೈದು ಬಕೆಟ್ ನೀರನ್ನು ಒಂದೇ ಸಮನೆ ಸುರಿದು, ಕೊಳವೆಯ ಜೋಡಣೆಗಳನ್ನು ಒಣ ಕಾಗದದಿಂದ ಒರೆಸಿ ನೋಡಿ. ಗೋಡೆಯ ಟೈಲ್ಸ್ ಟ್ರೇಯ ಅಂಚಿನ ಮೇಲೆ ಇಳಿದು ಬರಬೇಕು. ಸಿಲಿಕೋನ್ ಹಚ್ಚುವಾಗ ತುಂಬಿದ ಬಕೆಟ್ಟುಗಳನ್ನು ಟ್ರೇಯೊಳಗೆ ಇಟ್ಟು, ಅದು ಒಣಗುವವರೆಗೆ, ಅಂದರೆ ಸುಮಾರು 24 ಗಂಟೆ, ಹಾಗೆಯೇ ಬಿಡಿ.