ರಾಣಿ, ಪಟ್ಟಮಹಾದೇವಿ, ರಾಜಮಾತೆ: ಯಾರಿಗೆ ಯಾವುದು?

ಸ್ಮರಣ ಸಂಚಿಕೆಗಳ ಕರಡು ತಿದ್ದುವುದು ನನ್ನ ಕೆಲಸ. ಅರಮನೆಯ ಹೆಣ್ಣುಮಕ್ಕಳ ಬಗ್ಗೆ ಲೇಖನ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಹೆಸರಿನ ಜೊತೆಗಿರುವ ಬಿರುದಿನ ಮೇಲೆ. ಎಲ್ಲರನ್ನೂ ‘ಮಹಾರಾಣಿ’ ಎಂದು ಬರೆದರೆ ಗೌರವವೇನೂ ಹೆಚ್ಚುವುದಿಲ್ಲ. ಆಕೆಯ ಕೈಯಲ್ಲಿ ಎಷ್ಟು ಅಧಿಕಾರವಿತ್ತು ಎಂಬುದೇ ಮರೆಯಾಗುತ್ತದೆ.

ಹಾಗಾಗಿ ಬರೆಯುವ ಮೊದಲು ಕೇಳಿಕೊಳ್ಳಿ: ಈಕೆ ತಾನೇ ಆಳಿದಳೇ, ಆಳುವವನ ಮಡದಿಯೇ, ಇಲ್ಲವೇ ಎಳೆಯ ಮಗನ ಪರವಾಗಿ ಆಡಳಿತ ಹೊತ್ತಳೇ?

ತಾನೇ ಆಳಿದವಳಾದರೆ ‘ರಾಣಿ’ ಪದದ ಹಿಂದೆ ರಾಜ್ಯದ ಹೆಸರು ಬರಲಿ, ಗಂಡನದಲ್ಲ. ಕೆಳದಿಯ ಚೆನ್ನಮ್ಮ ಪತಿಯ ಮರಣಾನಂತರ, 17ನೆಯ ಶತಮಾನದ ಉತ್ತರಾರ್ಧದಲ್ಲಿ, ಸುಮಾರು ಕಾಲು ಶತಮಾನ ರಾಜ್ಯಭಾರ ಮಾಡಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಅಂಥವಳನ್ನು ‘ಸೋಮಶೇಖರ ನಾಯಕನ ರಾಣಿ’ ಎಂದಷ್ಟೇ ಬರೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ‘ಕೆಳದಿಯ ರಾಣಿ’ ಎನ್ನಿ. ಉಳ್ಳಾಲದ ಅಬ್ಬಕ್ಕನ ವಿಷಯದಲ್ಲಂತೂ ಅಧಿಕಾರ ಬಂದದ್ದೇ ಚೌಟ ಮನೆತನದ ಅಳಿಯಸಂತಾನ ಪದ್ಧತಿಯಿಂದ (ತಾಯಿಯ ಕಡೆಯಿಂದ ಉತ್ತರಾಧಿಕಾರ ಬರುವ ಕ್ರಮ), ಮದುವೆಯಿಂದಲ್ಲ. ಬರೀ ‘ರಾಣಿ ಚೆನ್ನಮ್ಮ’ ಎಂದೂ ಬಿಡಬೇಡಿ. 1824ರಲ್ಲಿ ಬ್ರಿಟಿಷರ ವಿರುದ್ಧ ನಿಂತವಳು ಬೇರೆ ಚೆನ್ನಮ್ಮ, ಕಿತ್ತೂರಿನವಳು.

ಅರಸನಿಗೆ ಹಲವು ಮಡದಿಯರಿದ್ದಾಗ ಪಟ್ಟದರಸಿ ಯಾರೆಂದು ತಿಳಿಸಲು ‘ಪಟ್ಟಮಹಿಷಿ’ ಬೇಕು. ಹಳೆಯ ಶಾಸನಗಳಲ್ಲಿ ‘ಪಿರಿಯರಸಿ’ ಎಂದೂ ಸಿಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಶಾಂತಲೆ ‘ಪಟ್ಟಮಹಾದೇವಿ’; ಶಾಸನ ಕೊಟ್ಟ ಪದವನ್ನೇ ಉಳಿಸಿಕೊಳ್ಳುವುದು ಲೇಸು.

ಮೂರನೆಯ ಸಂದರ್ಭಕ್ಕೆ ಮೈಸೂರಿನ ಕೆಂಪನಂಜಮ್ಮಣ್ಣಿಯವರೇ ಉದಾಹರಣೆ. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. 1902ರವರೆಗೆ ಆಡಳಿತ ನಡೆಸಿದವರು ಈ ತಾಯಿ. ಆ ವರ್ಷಗಳ ಬಗ್ಗೆ ಬರೆಯುವಾಗ ‘ರಾಜಪ್ರತಿನಿಧಿ ಮಹಾರಾಣಿ’ ಎನ್ನಬೇಕು. ಮಗ ಅಧಿಕಾರ ವಹಿಸಿಕೊಂಡ ಮೇಲಿನ ಕಾಲಕ್ಕೆ ‘ರಾಜಮಾತೆ’. ಅವರ ಬಿರುದು ‘ವಾಣಿವಿಲಾಸ ಸನ್ನಿಧಾನ’. ಮಾರಿಕಣಿವೆಯ ಅಣೆಕಟ್ಟೆಯ ವಾಣಿವಿಲಾಸ ಸಾಗರ ಎಂಬ ಹೆಸರಿನ ಮೂಲ ಇದೇ ಎಂದು ಒಂದು ಸಾಲು ಸೇರಿಸಿದರೆ ಓದುಗರಿಗೆ ಉಪಕಾರ.

ಇನ್ನು ಕ್ರಿಯಾಪದ. ನಾನು ಹೆಚ್ಚು ತಿದ್ದುವುದು ಇಲ್ಲೇ. ಒಂದೇ ಪರಿಚ್ಛೇದದಲ್ಲಿ ರಾಜ ‘ಆಳಿದರು’, ರಾಣಿ ಮಾತ್ರ ‘ಆಳಿದಳು’ ಎಂದಿರುತ್ತದೆ. ಇದು ಅನ್ಯಾಯ. ಒಂದೋ ‘ಆಳಿದನು, ಆಳಿದಳು’, ಇಲ್ಲವೇ ಇಬ್ಬರಿಗೂ ‘ಆಳಿದರು’. ಹಳೆಯ ಕಾಲದವರಿಗೆ ಏಕವಚನ, ಇತ್ತೀಚಿನ ಮೈಸೂರು ಅರಮನೆಯವರಿಗೆ ಬಹುವಚನ ಎಂಬುದು ನಾನು ಪಾಲಿಸುವ ಕ್ರಮ. ಯಾವುದನ್ನೇ ಆರಿಸಿಕೊಂಡರೂ ಲೇಖನದ ಕೊನೆಯ ಸಾಲಿನವರೆಗೂ ಅದನ್ನೇ ಉಳಿಸಿ, ಚಿತ್ರಗಳ ಅಡಿಬರಹವನ್ನೂ ಸೇರಿಸಿ.