ಇಂಗ್ಲೆಂಡಿನ ಶಾಲೆಯಲ್ಲಿ ಟೀಚರ್‌ಗಳ ಮುಷ್ಕರ: ಕೊಡಗಿನಿಂದ ಹೋದ ಮನೆಯವರಿಗೆ

ಕೊಡಗಿನಲ್ಲಿ ಬೆಳೆದವರಿಗೆ ಶಾಲೆಗೆ ದಿಢೀರ್ ರಜೆ ಅಂದ್ರೆ ಮಳೆ. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂತು ಅಂದ್ರೆ ಮುಗೀತು, ಭಾಗಮಂಡಲದಿಂದ ಕುಶಾಲನಗರದವರೆಗೆ ಎಲ್ಲ ಶಾಲೆಗೂ ಒಂದೇ ತೀರ್ಮಾನ. ಮನೆಯಲ್ಲಿ ಅಜ್ಜಿ ಇರುತ್ತಾರೆ, ದಿನ ಕಳೆದುಹೋಗುತ್ತದೆ.

ಈ ಅಭ್ಯಾಸವನ್ನೇ ಇಟ್ಟುಕೊಂಡು ಇಂಗ್ಲೆಂಡಿಗೆ ಹೋದವರು, ಅಲ್ಲಿನ ಶಾಲೆಯಿಂದ ಮುಷ್ಕರದ ಪತ್ರ ಬಂದಾಗ ‘ಓ, ರಜೆ’ ಅಂದುಕೊಂಡು ಸುಮ್ಮನಾಗುತ್ತಾರೆ. ಇಲ್ಲಾಂದ್ರೆ ಗಾಬರಿಯಾಗಿ ಊರಿಗೆ ಫೋನ್ ಮಾಡುತ್ತಾರೆ. ಎರಡೂ ಬೇಕಿಲ್ಲ. ಅಲ್ಲಿ ಮುಷ್ಕರ ಅಂದ್ರೆ ರಜೆ ಅಲ್ಲ. ನಿಮ್ಮ ಮಗುವಿನ ಕ್ಲಾಸು ಇದೆಯೋ ಇಲ್ಲವೋ ಎಂದು ತೀರ್ಮಾನ ಮಾಡುವುದು ಜಿಲ್ಲೆಯೂ ಅಲ್ಲ, ಸರ್ಕಾರವೂ ಅಲ್ಲ, ಆ ಶಾಲೆಯ ಹೆಡ್‌ಟೀಚರ್. ಸಾಮಾನ್ಯವಾಗಿ ತಯಾರಿಗೆ ಸುಮಾರು ಹತ್ತು ದಿನ ಸಮಯವೂ ಸಿಗುತ್ತದೆ. ಆ ಹತ್ತು ದಿನವನ್ನು ಹೇಗೆ ಬಳಸಿಕೊಳ್ಳಬೇಕು ಅನ್ನೋದೇ ಈ ಬರಹ.

ಮೊದಲು ಅವರು ಯಾಕೆ ಮುಷ್ಕರ ಮಾಡುತ್ತಾರೆ ಅಂತ ತಿಳಿದುಕೊಳ್ಳೋಣ. ಇದು ಗೊತ್ತಿಲ್ಲದೆ ಗೇಟಿನ ಹತ್ತಿರ ನಿಂತ ಟೀಚರ್ ಮೇಲೆ ಸಿಟ್ಟಾಗುವವರನ್ನು ನಾನು ಜಾಸ್ತಿ ನೋಡಿದ್ದೇನೆ.

ನಮ್ಮ ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ವೇತನ ಆಯೋಗ ಇದೆ, ಜೊತೆಗೆ ತುಟ್ಟಿಭತ್ಯೆ ಇದೆ. ಬೆಲೆ ಏರಿದ ಹಾಗೆ ತುಟ್ಟಿಭತ್ಯೆಯೂ ಏರುತ್ತದೆ. ಇಂಗ್ಲೆಂಡಿನ ಟೀಚರ್‌ಗಳಿಗೆ ತುಟ್ಟಿಭತ್ಯೆ ಅನ್ನೋದೇ ಇಲ್ಲ. ಸ್ಕೂಲ್ ಟೀಚರ್ಸ್ ರಿವ್ಯೂ ಬಾಡಿ ಎಂಬ ಸಮಿತಿ ಸಂಬಳ ಎಷ್ಟು ಏರಬೇಕು ಎಂದು ಶಿಫಾರಸು ಮಾಡುತ್ತದೆ, ಸರ್ಕಾರ ತೀರ್ಮಾನಿಸುತ್ತದೆ. ಹೊಸ ಸಂಬಳ ಸೆಪ್ಟೆಂಬರಿನಿಂದ ಜಾರಿ. ವರ್ಷಕ್ಕೆ ಒಂದೇ ಸಲ. 2022ರಲ್ಲಿ ಹೆಚ್ಚಿನ ಟೀಚರ್‌ಗಳಿಗೆ ಸಿಕ್ಕಿದ್ದು ಶೇ. 5. ಆ ಅಕ್ಟೋಬರ್‌ನಲ್ಲಿ ಅಲ್ಲಿನ ಹಣದುಬ್ಬರ ಶೇ. 11.1. ಅಂದರೆ ಸಂಬಳ ಏರಿದ ಮೇಲೂ ಕೈಗೆ ಬಂದದ್ದು ಮೊದಲಿಗಿಂತ ಕಡಿಮೆ ಬೆಲೆಯ ದುಡ್ಡು.

ಇನ್ನೊಂದು ವಿಷಯ ನಮ್ಮವರಿಗೆ ಬೇಗ ಹೊಳೆಯುವುದಿಲ್ಲ. ನಮ್ಮಲ್ಲಿ ಮೇಷ್ಟ್ರ ಸಂಬಳ ಖಜಾನೆಯಿಂದ ಬರುತ್ತದೆ, ಶಾಲೆಯ ಸೀಮೆಸುಣ್ಣದ ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ ಸರ್ಕಾರ ಶಾಲೆಗೆ ಒಂದು ಬಜೆಟ್ ಕೊಡುತ್ತದೆ. ಸಂಬಳ, ಕರೆಂಟು, ಪುಸ್ತಕ, ಸೋರುವ ಮಾಡಿನ ರಿಪೇರಿ, ಎಲ್ಲ ಅದರಲ್ಲೇ ಆಗಬೇಕು. ಸರ್ಕಾರ ಸಂಬಳ ಏರಿಸಿ, ಅದಕ್ಕೆ ಬೇಕಾದ ದುಡ್ಡು ಕೊಡದಿದ್ದರೆ ಹೆಡ್‌ಟೀಚರ್ ಬೇರೆ ಏನನ್ನೋ ಕಡಿಮೆ ಮಾಡಬೇಕು. ಹಲವು ಕಡೆ ಮೊದಲು ಹೋಗುವುದು ಟೀಚಿಂಗ್ ಅಸಿಸ್ಟೆಂಟ್ ಕೆಲಸ. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ನಮ್ಮ ಮಕ್ಕಳ ಪಕ್ಕ ಕೂತು ಓದಿಸುವವರು ಅವರೇ ತಾನೆ? ಅದಕ್ಕೇ 2023ರಲ್ಲಿ ಟೀಚರ್‌ಗಳ ಯೂನಿಯನ್ ಕೇಳಿದ್ದು ಬರೀ ಸಂಬಳ ಅಲ್ಲ, ಆ ಸಂಬಳಕ್ಕೆ ಪೂರ್ತಿ ದುಡ್ಡು ಶಾಲೆಗೆ ಕೊಡಿ ಅಂತ. ಆ ಬೇಡಿಕೆ ನ್ಯಾಯವಾದದ್ದು ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಆ ವರ್ಷ ನಡೆದದ್ದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ, ಯಾಕಂದ್ರೆ ಪದ್ಧತಿ ಪೂರ್ತಿ ಅದರಲ್ಲಿ ಕಾಣುತ್ತದೆ. ನ್ಯಾಷನಲ್ ಎಜುಕೇಷನ್ ಯೂನಿಯನ್ ಎಂಬ ಟೀಚರ್‌ಗಳ ಸಂಘ ತನ್ನ ಸದಸ್ಯರ ಮನೆಗೆ ಅಂಚೆಯಲ್ಲಿ ಮತಪತ್ರ ಕಳಿಸಿತು. ಆಗ ಕೈ ಎತ್ತಿ ಮತ ಹಾಕುವ ಹಾಗಿರಲಿಲ್ಲ, ಅಂಚೆಯಲ್ಲೇ ಆಗಬೇಕಿತ್ತು. ಆಗಿನ ಕಾನೂನಿನ ಪ್ರಕಾರ ಅರ್ಧದಷ್ಟು ಸದಸ್ಯರಾದರೂ ಮತ ಹಾಕಿರಬೇಕು. ಒಟ್ಟು ಸದಸ್ಯರಲ್ಲಿ ಶೇ. 40 ಮಂದಿ ‘ಹೌದು’ ಅಂದಿರಬೇಕಿತ್ತು. ಇಂಗ್ಲೆಂಡಿನಲ್ಲಿ ಶೇ. 53 ಮತ ಬಿತ್ತು, ಅದರಲ್ಲಿ ಶೇ. 90 ಮುಷ್ಕರದ ಪರ. ನ್ಯಾಸುವಟ್ ಎಂಬ ಇನ್ನೊಂದು ದೊಡ್ಡ ಯೂನಿಯನ್‌ಗೆ ಅದೇ ಜನವರಿಯಲ್ಲಿ ಅರ್ಧದಷ್ಟೂ ಮತ ಬೀಳಲಿಲ್ಲ, ಅವರಿಗೆ ಮುಷ್ಕರ ಕರೆಯಲು ಆಗಲಿಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ ಒಬ್ಬರು ಮುಷ್ಕರದಲ್ಲಿ, ಪಕ್ಕದವರು ಪಾಠದಲ್ಲಿ ಇರುವುದು ಇದಕ್ಕೇ.

ಮೊದಲ ಮುಷ್ಕರ 2023ರ ಫೆಬ್ರುವರಿ 1. ಆಮೇಲೆ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ದಿನ, ಅದಾದ ಮೇಲೆ ಮತ್ತೆ ಎಲ್ಲ ಕಡೆ ಮಾರ್ಚ್ 15 ಮತ್ತು 16, ಏಪ್ರಿಲ್ 27, ಮೇ 2, ಜುಲೈ 5 ಮತ್ತು 7. ಮಿಡ್‌ಲ್ಯಾಂಡ್ಸ್ ಪ್ರಾಂತ್ಯದ ಸರದಿ ಬಂದದ್ದು ಮಾರ್ಚ್ 1ಕ್ಕೆ. ಅದೇ ದಿನ ನಮ್ಮ ಕರ್ನಾಟಕದಲ್ಲೂ ಸರ್ಕಾರಿ ನೌಕರರು ಏಳನೇ ವೇತನ ಆಯೋಗಕ್ಕಾಗಿ ಮುಷ್ಕರ ಹೂಡಿದ್ದರು. ಇಲ್ಲಿ ಸರ್ಕಾರ ಶೇ. 17 ಮಧ್ಯಂತರ ಏರಿಕೆ ಕೊಟ್ಟಿತು, ಮುಷ್ಕರ ಅವತ್ತೇ ವಾಪಸಾಯಿತು. ಅಲ್ಲಿ ಜುಲೈವರೆಗೆ ಎಳೆಯಿತು. ಮಧ್ಯದಲ್ಲಿ ಸರ್ಕಾರ 1,000 ಪೌಂಡ್ ಒಂದು ಸಲಕ್ಕೆ, ಮುಂದಿನ ವರ್ಷಕ್ಕೆ ಹೆಚ್ಚಿನವರಿಗೆ ಶೇ. 4.3 ಕೊಡುತ್ತೇನೆ ಎಂದಿತು. ಯೂನಿಯನ್ ಸದಸ್ಯರಲ್ಲಿ ಮತ ಹಾಕಿದ ಶೇ. 98 ಮಂದಿ ಬೇಡ ಅಂದರು. ಕೊನೆಗೆ ಶೇ. 6.5ಕ್ಕೆ ಒಪ್ಪಿಗೆಯಾಯಿತು.

ಮುಷ್ಕರದ ದಿನ ಟೀಚರ್‌ಗೆ ಸಂಬಳ ಇಲ್ಲ. ಸಾಮಾನ್ಯವಾಗಿ ವರ್ಷದ ಸಂಬಳದಲ್ಲಿ 365ನೇ ಒಂದು ಭಾಗ ಕಟ್ ಆಗುತ್ತದೆ. ಆಗ ಲಂಡನ್ ಬಿಟ್ಟು ಬೇರೆ ಕಡೆ ಹೊಸ ಟೀಚರ್ ಸಂಬಳ 28,000 ಪೌಂಡ್, ಅಂದರೆ ದಿನಕ್ಕೆ ಸುಮಾರು 77 ಪೌಂಡ್ ಖೋತಾ. ಮೋಜಿಗೆ ಯಾರೂ ಗೇಟಿನ ಮುಂದೆ ಚಳಿಯಲ್ಲಿ ನಿಲ್ಲುವುದಿಲ್ಲ.

ಇನ್ನು ನಿಮ್ಮ ಮನೆಗೆ ಬರೋಣ.

ಯೂನಿಯನ್ ಮೊದಲು ಶಾಲೆಗೆ ನೋಟಿಸ್ ಕೊಡಬೇಕು. 2023ರಲ್ಲಿ ಅದು 14 ದಿನ, 2025ರ ಹೊಸ ಕಾರ್ಮಿಕ ಕಾಯ್ದೆಯಲ್ಲಿ 10 ದಿನಕ್ಕೆ ಇಳಿದಿದೆ. ಆದರೆ ಆ ನೋಟಿಸ್‌ನಲ್ಲಿ ಹೆಸರುಗಳು ಇರುವುದಿಲ್ಲ. ‘ನಾಳೆ ನೀವು ಬರ್ತೀರಾ’ ಎಂದು ಹೆಡ್‌ಟೀಚರ್ ಕೇಳಬಹುದು, ಉತ್ತರ ಕೊಡಲೇಬೇಕು ಎಂದಿಲ್ಲ. ಹಾಗಾಗಿ ಶಾಲೆಯ ಮೊದಲ ಪತ್ರ ಸ್ವಲ್ಪ ಮಸುಕಾಗಿರುತ್ತದೆ. ಎರಡನೇ ಪತ್ರ ಒಂದೆರಡು ದಿನ ಮುಂಚೆ ಬರಬಹುದು. ಅದನ್ನು ಅಕ್ಷರ ಅಕ್ಷರ ಓದಿ.

ಆ ಪತ್ರ ಹೇಗಿರುತ್ತದೆ ಗೊತ್ತಾ? ರಿಸೆಪ್ಷನ್ (ಇಯರ್ ಒನ್‌ಗಿಂತ ಮೊದಲಿನ ಕ್ಲಾಸು), ಇಯರ್ ಟೂ, ಇಯರ್ ಸಿಕ್ಸ್ ಕ್ಲಾಸು ಇದೆ. ಇಯರ್ ಒನ್, ತ್ರೀ, ಫೈವ್ ಇಲ್ಲ. ಇಯರ್ ಫೋರ್‌ನಲ್ಲಿ ಒಂದು ವಿಭಾಗಕ್ಕೆ ಮಾತ್ರ ಇದೆ. ಶಾಲೆ ಶುರುವಾಗುವ ಮುಂಚೆ ಮಕ್ಕಳನ್ನು ನೋಡಿಕೊಳ್ಳುವ ಬ್ರೇಕ್‌ಫಾಸ್ಟ್ ಕ್ಲಬ್ ಇಲ್ಲ, ಶಾಲೆ ಬಿಟ್ಟ ಮೇಲಿನ ಸಂಜೆಯ ಕ್ಲಬ್ ಇದೆ. ಅಡುಗೆಮನೆ ಮುಚ್ಚಿರುತ್ತದೆ, ಡಬ್ಬಿ ಕಳಿಸಿ. ಒಂದೇ ಮನೆಯಲ್ಲಿ ಅಕ್ಕ ಶಾಲೆಗೆ, ತಮ್ಮ ಮನೆಯಲ್ಲಿ ಎನ್ನುವ ಪರಿಸ್ಥಿತಿ ಸಾಮಾನ್ಯ. 2023ರ ಫೆಬ್ರುವರಿ 1ರಂದು ಪೂರ್ತಿ ಮುಚ್ಚಿದ್ದು ಶೇ. 9.3 ಶಾಲೆಗಳು ಮಾತ್ರ. ಶೇ. 44.7 ಶಾಲೆಗಳು ಕೆಲವು ಮಕ್ಕಳಿಗೆ ತೆರೆದಿದ್ದವು. ಉಳಿದವು ಎಂದಿನಂತೆ ನಡೆದವು. ಆದ್ದರಿಂದ ನೆರೆಮನೆಯವರ ಶಾಲೆ ಮುಚ್ಚಿದೆ ಅಂತ ನಿಮ್ಮದೂ ಮುಚ್ಚಿದೆ ಅಂದುಕೊಳ್ಳಬೇಡಿ. ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸುದ್ದಿಯನ್ನು ಈ ವಿಷಯದಲ್ಲಿ ದಯವಿಟ್ಟು ನೆಚ್ಚಿಕೊಳ್ಳಬೇಡಿ, ಶಾಲೆಯ ಆ್ಯಪ್ ನೋಡಿ.

ಜಾಗ ಕಡಿಮೆ ಇದ್ದಾಗ ಯಾವ ಮಕ್ಕಳಿಗೆ ಮೊದಲು ಅವಕಾಶ ಎಂದು ಶಿಕ್ಷಣ ಇಲಾಖೆ ಹೇಳಿದೆ. ರಕ್ಷಣೆ ಬೇಕಾದ ಮಕ್ಕಳು, ಪಬ್ಲಿಕ್ ಪರೀಕ್ಷೆ ಬರೆಯುವವರು, ಅಗತ್ಯ ಸೇವೆಯಲ್ಲಿ ಇರುವವರ ಮಕ್ಕಳು. ನೀವು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರೆ, ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಮೊದಲ ಪತ್ರ ಬಂದ ದಿನವೇ ಶಾಲೆಯ ಆಫೀಸಿಗೆ ಇಮೇಲ್ ಹಾಕಿ. ‘ನಾನು ನರ್ಸ್, ಅವತ್ತು ಬೆಳಗ್ಗೆ 7ಕ್ಕೆ ನನ್ನ ಶಿಫ್ಟ್, ಮಗುವಿಗೆ ಜಾಗ ಇದೆಯಾ’ ಅಂತ ನೇರವಾಗಿ ಕೇಳಿ. ಕೇಳುವುದಕ್ಕೆ ಸಂಕೋಚ ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿ. ಆದರೆ ಇದು ಯಾರ ದಾಕ್ಷಿಣ್ಯವೂ ಅಲ್ಲ. ಕೊನೆಯ ತೀರ್ಮಾನ ಹೆಡ್‌ಟೀಚರ್ ಅವರದೇ, ಹಾಗಾಗಿ ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ.

ಕ್ಲಾಸ್ ಇದೆ ಅಂದ ಮೇಲೆ ಮಗುವನ್ನು ಕಳಿಸಲೇಬೇಕು. ‘ಹೇಗೂ ಅರ್ಧ ಶಾಲೆ ಇಲ್ಲ’ ಎಂದು ಮನೆಯಲ್ಲಿ ಇಟ್ಟುಕೊಂಡರೆ ಅನುಮತಿ ಇಲ್ಲದ ಗೈರುಹಾಜರಿ ಎಂದು ದಾಖಲಾಗುತ್ತದೆ. ಒಂದು ದಿನಕ್ಕೆ ಸಾಮಾನ್ಯವಾಗಿ ದಂಡ ಬೀಳುವುದಿಲ್ಲ. ಆದರೆ ಅಲ್ಲಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ದಿನಕ್ಕೆ ಎರಡು ಹಾಜರಿ. 10 ವಾರದಲ್ಲಿ ಅಂಥ 10 ಗೈರು, ಅಂದರೆ ಐದು ದಿನ ಆದರೆ ದಂಡದ ಮಾತು ಬರುತ್ತದೆ. 2024ರ ಆಗಸ್ಟ್‌ನಿಂದ ಅದು 21 ದಿನದೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ತಾಯಿಗೆ ಬೇರೆ, ತಂದೆಗೆ ಬೇರೆ, ಪ್ರತಿ ಮಗುವಿಗೂ ಬೇರೆ. ಮುಷ್ಕರದ ಹಿಂದೆ ಮುಂದೆ ಒಂದೆರಡು ದಿನ ಸೇರಿಸಿಕೊಂಡು ಸುತ್ತಾಡಲು ಹೋಗುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಶಾಲೆಯೇ ನಿಮ್ಮ ಮಗುವಿಗೆ ಬರಬೇಡ ಎಂದಿದ್ದರೆ ಆ ದಿನ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಗೇಟಿನ ಹತ್ತಿರ ಫಲಕ ಹಿಡಿದು ನಿಂತ ಟೀಚರ್‌ಗಳನ್ನು ದಾಟಿ ಮಗುವನ್ನು ಒಳಗೆ ಬಿಡುವುದು ತಪ್ಪೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ತಪ್ಪಲ್ಲ. ನಮಸ್ಕಾರ ಹೇಳಿ, ಮಗುವನ್ನು ಬಿಟ್ಟು ಬನ್ನಿ.

ಮನೆಯಲ್ಲೇ ಇರುವ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಊರಿನಲ್ಲಾದರೆ ಇದು ಪ್ರಶ್ನೆಯೇ ಅಲ್ಲ. ಪಕ್ಕದ ಲೈನ್‌ಮನೆಯವರೋ ಚಿಕ್ಕಮ್ಮನೋ ಯಾರಾದರೂ ಇರುತ್ತಾರೆ. ಅಲ್ಲಿ ಮೂರು ವಿಷಯ ಗಟ್ಟಿಯಾಗಿ ನೆನಪಿಡಿ.

ಗೆಳೆಯರ ಮನೆಯಲ್ಲಿ ಮಗುವನ್ನು ಬಿಡಬಹುದು. ಇವತ್ತು ನಿಮ್ಮ ಮಗು ಅವರ ಮನೆಯಲ್ಲಿ, ಮುಂದಿನ ಮುಷ್ಕರಕ್ಕೆ ಅವರ ಮಗು ನಿಮ್ಮ ಮನೆಯಲ್ಲಿ, ಇದಕ್ಕೆ ಅಡ್ಡಿಯಿಲ್ಲ. ಆದರೆ ದುಡ್ಡು ಕೊಟ್ಟು ಅವರ ಮನೆಯಲ್ಲಿ ಬಿಡುವುದು ಬೇರೆ ಮಾತು. ಎಂಟು ವರ್ಷದ ಒಳಗಿನ ಮಗುವನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ತಮ್ಮ ಮನೆಯಲ್ಲಿ ಸಂಭಾವನೆಗೆ ನೋಡಿಕೊಳ್ಳುವವರು ಚೈಲ್ಡ್‌ಮೈಂಡರ್ ಆಗಿ ನೋಂದಣಿ ಮಾಡಿಸಿರಬೇಕು. ಪ್ರೀತಿಗೆ ಒಪ್ಪಿಕೊಂಡ ಗೆಳತಿಯನ್ನು ‘ಇಟ್ಕೊಳ್ಳಿ ಅಕ್ಕ’ ಅಂತ 40 ಪೌಂಡ್ ಕೊಟ್ಟು ತೊಂದರೆಗೆ ಸಿಕ್ಕಿಸಬೇಡಿ.

ಮಗುವನ್ನು ಒಂಟಿಯಾಗಿ ಬಿಡುವ ಬಗ್ಗೆ. ಇಷ್ಟೇ ವಯಸ್ಸು ಎಂದು ಇಂಗ್ಲೆಂಡಿನ ಕಾನೂನು ಗೆರೆ ಎಳೆದಿಲ್ಲ. ಆದರೆ ಅಪಾಯ ಆಗುವಂತೆ ಬಿಟ್ಟರೆ ಅದು ಅಪರಾಧ. 12 ವರ್ಷದ ಒಳಗಿನ ಮಕ್ಕಳನ್ನು ಹೆಚ್ಚು ಹೊತ್ತು ಒಂಟಿಯಾಗಿ ಬಿಡುವುದು ಸರಿಯಲ್ಲ ಎನ್ನುವುದು ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಸಲಹೆ. ‘ನಾನು ಆರನೇ ಕ್ಲಾಸಲ್ಲಿ ತೋಟ ದಾಟಿ ಒಬ್ಬನೇ ಹೋಗ್ತಿದ್ದೆ’ ಎಂಬ ಮಾತು ಅಲ್ಲಿ ಯಾರಿಗೂ ಒಪ್ಪಿಗೆಯಾಗುವುದಿಲ್ಲ.

ಮೂರನೆಯದು ಅಜ್ಜ ಅಜ್ಜಿ. ಕಾಫಿ ಕೊಯ್ಲು ಮುಗಿಸಿ, ಮಳೆಗಾಲ ಕಳೆಯಲು ಮಗಳ ಮನೆಗೆ ಹೋಗುವ ಅಪ್ಪ ಅಮ್ಮ ಪೊನ್ನಂಪೇಟೆ, ಸೋಮವಾರಪೇಟೆ ಕಡೆ ಎಷ್ಟೋ ಮಂದಿ. ವಿಸಿಟರ್ ವೀಸಾದಲ್ಲಿ ಹೋದವರು ಮೊಮ್ಮಕ್ಕಳನ್ನು ನೋಡಿಕೊಳ್ಳಬಹುದಾ? ನೋಡಿಕೊಳ್ಳಬಹುದು. ಸ್ವಲ್ಪ ಕಾಲದ ಭೇಟಿ ಆಗಿರಬೇಕು, ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇಟ್ಟುಕೊಂಡಂತೆ ಆಗಬಾರದು, ಅಷ್ಟೇ. ವಿಮಾನ ನಿಲ್ದಾಣದಲ್ಲಿ ಯಾಕೆ ಬಂದಿರಿ ಎಂದು ಕೇಳಿದರೆ ಇದ್ದದ್ದನ್ನೇ ಹೇಳಲಿ: ಮಗಳನ್ನು, ಮೊಮ್ಮಕ್ಕಳನ್ನು ನೋಡಲು ಬಂದಿದ್ದೇವೆ, ಇಂಥ ದಿನ ವಾಪಸ್ ಹೋಗುತ್ತೇವೆ. ಅಜ್ಜಿಯೇ ಮೊಮ್ಮಗುವನ್ನು ಶಾಲೆಯಿಂದ ಕರೆದುಕೊಂಡು ಬರುವುದಾದರೆ ಅವರ ಹೆಸರನ್ನು ಮೊದಲೇ ಆಫೀಸಿನಲ್ಲಿ ಬರೆಸಿ. ಹೆಸರು ಇಲ್ಲದಿದ್ದರೆ ಮಗುವನ್ನು ಕಳಿಸಿಕೊಡುವುದಿಲ್ಲ.

ನಿಮ್ಮ ಕೆಲಸದ ಕಡೆ ರಜೆಗೆ ದಾರಿ ಇದೆ, ಆದರೆ ಕಿರಿದು. ಮಕ್ಕಳ ವಿಷಯದಲ್ಲಿ ಅಚಾನಕ್ ತೊಂದರೆ ಬಂದರೆ ಸಂಬಳವಿಲ್ಲದ ತುರ್ತು ರಜೆ ಪಡೆಯುವ ಹಕ್ಕು ಎಲ್ಲ ನೌಕರರಿಗೂ ಇದೆ. ಹತ್ತು ದಿನ ಮೊದಲೇ ಗೊತ್ತಿದ್ದ ಮುಷ್ಕರಕ್ಕೆ ಅದನ್ನೇ ನಂಬಿಕೊಳ್ಳಬೇಡಿ. ಹಿಂದಿನ ರಾತ್ರಿ ‘ಕ್ಲಾಸ್ ಇಲ್ಲ’ ಎಂದು ಗೊತ್ತಾದರೆ ಮಾತು ಬೇರೆ. ಉಳಿದಂತೆ ವಾರ್ಷಿಕ ರಜೆ, ಶಿಫ್ಟ್ ಬದಲಾವಣೆ, ಮನೆಯಿಂದ ಕೆಲಸ. ಮ್ಯಾನೇಜರ್ ಹತ್ತಿರ ಮೊದಲು ಹೋದವರಿಗೆ ಸಿಗುತ್ತದೆ, ಯಾಕಂದ್ರೆ ಅದೇ ದಿನಕ್ಕೆ ಆಫೀಸಿನ ಎಲ್ಲ ಅಪ್ಪ ಅಮ್ಮಂದಿರಿಗೂ ರಜೆ ಬೇಕು.

ಪಾಠ ಹಾಳಾಗುತ್ತದೆ ಎಂಬ ಚಿಂತೆ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಹೆಚ್ಚು. 2023ರಲ್ಲಿ ಒಂದು ಮಗುವಿಗೆ ಜಾಸ್ತಿ ಅಂದ್ರೆ 8 ದಿನ ಹೋಯಿತು, ಶಾಲಾ ವರ್ಷ 190 ದಿನದ್ದು. ಪರೀಕ್ಷೆ ಬರೆಯುವ ದೊಡ್ಡ ಮಕ್ಕಳಿಗೆ ಏಪ್ರಿಲ್, ಮೇ ಮುಷ್ಕರದಲ್ಲಿ ಪಾಠಕ್ಕೆ ವ್ಯವಸ್ಥೆ ಮಾಡಲು ಯೂನಿಯನ್ ಒಪ್ಪಿಕೊಂಡಿತ್ತು. ನಷ್ಟ ಇಲ್ಲ ಅನ್ನುತ್ತಿಲ್ಲ. ಆದರೆ ಗಣಿತದ ಟೀಚರ್ ಸಂಬಳ ಸಾಲದೆ ಕೆಲಸ ಬಿಟ್ಟು ಹೋಗಿ, ವರ್ಷವಿಡೀ ಬದಲಿ ಟೀಚರ್‌ಗಳು ಬಂದು ಹೋಗುವ ಕ್ಲಾಸಿನಲ್ಲಿ ಆಗುವ ನಷ್ಟ ಇದಕ್ಕಿಂತ ದೊಡ್ಡದು.

ನಿಮಗೆ ಇದರಲ್ಲಿ ದನಿ ಇದೆ ಎಂಬುದೂ ಗೊತ್ತಿರಲಿ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾದ ಮೇಲೆ ಅಲ್ಲಿ ವಾಸವಾಗಿರುವ ಭಾರತೀಯರು ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಶಾಲೆಯ ಬಜೆಟ್ ಬಗ್ಗೆ ನಿಮ್ಮ ಎಂಪಿಗೆ ಇಮೇಲ್ ಬರೆಯಿರಿ. ಬರೆಯಲು ಮತದಾರರಾಗಿರಬೇಕು ಎಂದೂ ಇಲ್ಲ.

ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಇರುವವರು ಇದನ್ನು ಹಾಗೇ ತೆಗೆದುಕೊಳ್ಳಬೇಡಿ. ಅಲ್ಲಿ ಶಿಕ್ಷಣ ಆಯಾ ಸರ್ಕಾರದ ಕೈಯಲ್ಲಿದೆ, ಸಂಬಳದ ಮಾತುಕತೆಯೂ ಬೇರೆ. ಸ್ಕಾಟ್ಲೆಂಡಿನ ಟೀಚರ್‌ಗಳು 2022ರ ನವೆಂಬರ್‌ನಲ್ಲೇ ಮುಷ್ಕರ ಶುರು ಮಾಡಿ ಮರುವರ್ಷ ಮಾರ್ಚ್‌ನಲ್ಲೇ ಮುಗಿಸಿದ್ದರು.

ಕೊನೆಗೆ, ಕೊಡಗಿನಿಂದ ಟೀಚರ್ ಆಗಿಯೇ ಅಲ್ಲಿಗೆ ಹೋಗುತ್ತಿರುವವರಿಗೆ. 2023ರ ಫೆಬ್ರುವರಿಯಿಂದ ಗಣಿತ, ವಿಜ್ಞಾನ, ಭಾಷೆ ಕಲಿಸುವ ಭಾರತದ ಟೀಚರ್‌ಗಳು ಇಂಗ್ಲೆಂಡಿನ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವ ನಾವು ಮುಷ್ಕರಕ್ಕೆ ಹೋದರೆ ವೀಸಾ ಹೋಗುತ್ತದಾ ಎಂಬುದು ಅವರ ಮೊದಲ ಭಯ. ವರ್ಷಕ್ಕೆ ನಾಲ್ಕು ವಾರಕ್ಕಿಂತ ಹೆಚ್ಚು ಸಂಬಳವಿಲ್ಲದೆ ಗೈರಾದರೆ ವೀಸಾಕ್ಕೆ ತೊಂದರೆ ಎಂಬ ನಿಯಮ ಇದೆ ನಿಜ. ಆದರೆ ಕಾನೂನು ಪ್ರಕಾರ ಕರೆದ ಮುಷ್ಕರದ ದಿನಗಳನ್ನು ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಹೋಗುವುದು, ಬಿಡುವುದು ನಿಮ್ಮ ಇಷ್ಟ. ಯೂನಿಯನ್‌ಗೆ ಮಾತ್ರ ಕೆಲಸಕ್ಕೆ ಸೇರಿದ ವಾರವೇ ಸದಸ್ಯರಾಗಿ. ಸಂಬಳದ ಚೀಟಿಯಲ್ಲಿ ಏನಾದರೂ ತಪ್ಪಿದ್ದರೆ ನಿಮ್ಮ ಪರವಾಗಿ ಹೆಡ್‌ಟೀಚರ್ ಮುಂದೆ ಕೂತು ಮಾತನಾಡುವವರು ಅವರೇ.